ತೊಟ್ಟಿಲಲ್ಲಿ ಮಲಗಿದ ಸಿಪಾಯಿ

ಹೋದ ವಾರ ಹಳೇ ಸಾಮಾನು ಕೊಳ್ಳುವವನೊಬ್ಬ ದೇವನಹಳ್ಳಿಯಿಂದ ನಮ್ಮೂರಿಗೆ ಬಂದಿದ್ದ. ವಿಮಾನ ನಿಲ್ದಾಣದ ಸುತ್ತ ಎದ್ದಿರುವ ಹೋಟೆಲುಗಳಿಗೆ ಈಗ ನಮ್ಮ ಅಟ್ಟದ ಮೇಲಿನದೆಲ್ಲ ಬೇಕಂತೆ. ಒನಕೆ, ಹಂಡೆ, ಗಾಡಿಯ ಚಕ್ರ, ಏನಿದ್ದರೂ ಸರಿ. ಅವನ ಕಣ್ಣು ನಮ್ಮ ತೊಟ್ಟಿಲ ಮೇಲೆ ಬಿತ್ತು.

"ಹಲಸಿನ ಮರ ಸಾರ್, ಸೂಪರ್ ಆಗಿದೆ. ರಿಸೆಪ್ಷನ್‌ನಲ್ಲಿ ತೂಗುಹಾಕಿ ಒಳಗೆ ಹೂವಿನ ಕುಂಡ ಇಡ್ತಾರೆ. ಎಷ್ಟು ಮಕ್ಳು ಮಲಗಿದ್ವು ಇದ್ರಲ್ಲಿ? ಒಂದು ಸ್ಟೋರಿ ಇದ್ರೆ ಬೇಗ ಹೋಗತ್ತೆ ಸಾರ್."

"ಮಕ್ಕಳ ಲೆಕ್ಕ ಇಟ್ಟಿಲ್ಲಪ್ಪ. ಒಬ್ಬ ಸಿಪಾಯಿ ಮಲಗಿದ್ದ. ಮೀಸೆ ಇತ್ತು" ಎಂದೆ.

ವಯಸ್ಸಾದವರ ಮಾತಿಗೆ ನಗುವ ಹಾಗೆ ನಕ್ಕು, ಇನ್ನೊಂದು ದಿನ ಬರ್ತೀನಿ ಎಂದು ಹೊರಟುಹೋದ. ನಾನು ಹೇಳಿದ್ದು ಮಾತ್ರ ಅಕ್ಷರಶಃ ನಿಜ. ಆ ಸಿಪಾಯಿ ನಮ್ಮ ತಾತ ಮುನಿಯಪ್ಪ. ನಮ್ಮಪ್ಪ ಬದುಕಿರುವವರೆಗೂ ಹೊಸಬರು ಯಾರಾದರೂ ಸಿಕ್ಕರೆ ಗಂಭೀರವಾಗಿ, "ನಾನು ನಮ್ಮಪ್ಪನ ನಾಮಕರಣಕ್ಕೆ ಹೋಗಿದ್ದೆ" ಎನ್ನುತ್ತಿದ್ದರು. ಕೇಳಿದವರು ಮೊದಲು ಅವರ ಮುಖ ನೋಡುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ತಲೆ ನರೆಸಿಕೊಂಡವನು. ಸಾವಿನ ಸುದ್ದಿ ಬಂದಾಗ ನಾನು ಕೊಡುತ್ತಿದ್ದ ಕಾಟ ಆಫೀಸಿನಲ್ಲೆಲ್ಲ ಹೆಸರಾಗಿತ್ತು. ಊರಿನ ಯಾರೋ ಗಣ್ಯರ ಬಗ್ಗೆ ಹುಡುಗರು ಫೋನ್ ಮಾಡಿ, "ಹೋಗ್ಬಿಟ್ರಂತೆ ಸಾರ್" ಎಂದರೆ, "ಯಾರು ನೋಡಿದ್ರು?" ಎನ್ನುತ್ತಿದ್ದೆ.

"ಎಲ್ರೂ ಹೇಳ್ತಿದಾರೆ ಸಾರ್."

"ಎಲ್ರೂ ಹೇಳ್ತಾರಪ್ಪ. ನೋಡಿದೋರು ಯಾರು ಅಂತ ಕೇಳಿದ್ದು."

ಬೇರೆ ಪತ್ರಿಕೆಗಳು ಮುಖಪುಟದಲ್ಲಿ ಚಿತ್ರ ಹಾಕಿ ಕಣ್ಣೀರಿಡುವ ಹೊತ್ತಿಗೆ ನಾನಿನ್ನೂ ಆಸ್ಪತ್ರೆಗೆ ಫೋನ್ ಮಾಡುತ್ತಿರುತ್ತಿದ್ದೆ. ಹುಡುಗರು ನನಗೆ 'ಯಮನ ಪಿ.ಎ.' ಎಂದು ಹೆಸರಿಟ್ಟಿದ್ದರು. ಈ ಮನುಷ್ಯ ಸಹಿ ಹಾಕದೆ ಜಿಲ್ಲೆಯಲ್ಲಿ ಯಾರೂ ಸಾಯುವ ಹಾಗಿಲ್ಲ ಎಂದು ಅದರ ಅರ್ಥ. ಆ ಚಟ ನನಗೆ ಅಂಟಿದ್ದು ಪತ್ರಿಕೋದ್ಯಮದಿಂದಲ್ಲ, ನಮ್ಮ ಅಜ್ಜಿ ಅಕ್ಕಯ್ಯಮ್ಮನಿಂದ. ಮುಂದೆ ಬರೆಯುವುದರಲ್ಲಿ ಹೆಚ್ಚಿನದು ಆಕೆ ಹೇಳಿದ್ದು. ತಾತ ಒಪ್ಪದ ಭಾಗ ಬಂದಾಗ ಹಾಗೆಂದು ಹೇಳುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ತಾತ ಬರ್ಮಾ ಕಡೆ ದಂಡಿನ ಲಾರಿ ಓಡಿಸುತ್ತಿದ್ದರು. ಹೊಲ ಬಿಟ್ಟು ಹೋದವರು, ನಮ್ಮ ಮನೆಯ ಎತ್ತಿನ ಕೊರಳ ಗಂಟೆಯನ್ನು ಬಿಚ್ಚಿ ಜೊತೆಗೆ ಒಯ್ದಿದ್ದರು. ಅದನ್ನು ಲಾರಿಯ ಮುಂದೆ ಕಟ್ಟಿದ್ದರು. ಲಾರಿಗೂ ಒಂದು ಗಂಟೆ ಬೇಡವೇ ಎಂಬುದು ಅವರ ವಾದ. ಮೈಸೂರು ಸೀಮೆಯಿಂದ ಹೋದ ಸಿಪಾಯಿಗಳಿಗೆಲ್ಲ ಆ ಲಾರಿ ಗೊತ್ತಿತ್ತು. ಒಂದು ದಿನ ಪಕ್ಕದೂರಿನ ಸಿಪಾಯಿಯೊಬ್ಬ ರಜದ ಮೇಲೆ ಬಂದವನು ನೆಟ್ಟಗೆ ನಮ್ಮ ಮನೆಗೆ ಬಂದ. ದಾರಿಯಲ್ಲಿ ಲಾರಿ ಸುಟ್ಟು ಕರಕಲಾಗಿ ಬಿದ್ದದ್ದನ್ನು ಅವನು ನೋಡಿದ್ದ. ಚೀಲದಿಂದ ಗಂಟೆ ತೆಗೆದು ಮುತ್ತಾತನ ಕೈಗೆ ಕೊಟ್ಟ.

ಮನೆ ಗೋಳೋ ಎಂದಿತು. ಇನ್ನೇನು ಸಾಕ್ಷಿ ಬೇಕು? ಹಳ್ಳಿಯವರಿಗೆ ಎತ್ತಿನ ಗಂಟೆಯಷ್ಟು ಖಚಿತವಾದ ಗುರುತು ಇನ್ನೊಂದಿಲ್ಲ. ಕತ್ತಲಲ್ಲಿ ಸದ್ದು ಕೇಳಿಯೇ ಯಾರ ಎತ್ತು, ಯಾರು ಹೊಡೆಯುತ್ತಿದ್ದಾರೆ ಎಂದು ಹೇಳುವ ಜನ.

ಅಜ್ಜಿ ಒಬ್ಬಳೇ, "ಗಂಟೆ ನೋಡಿದ್ದಾನೆ. ಇವರನ್ನ ನೋಡಿದ್ದಾನಾ? ಸರ್ಕಾರದಿಂದ ಕಾಗದ ಬರ್ಲಿ, ಕಾಯಿರಿ" ಎಂದಳು. ಆಗ ಆಕೆಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಕಂಕುಳಲ್ಲಿ ನಮ್ಮಪ್ಪ. ಗಂಡ ಸತ್ತವಳು ಹಾಗೆ ಅನ್ನುವುದು ಸಹಜ, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಕರ್ಮ ಮಾಡದಿದ್ದರೆ ಜೀವ ಅಲೆಯುತ್ತದೆ ಎಂಬ ಭಯ ಬೇರೆ. ಗಂಟೆಯನ್ನು ಮುಂದಿಟ್ಟುಕೊಂಡು ತಿಥಿ ಮಾಡಿದರು. ಆಕೆ ಕಾಯಿರಿ, ಕಾಯಿರಿ ಎನ್ನುತ್ತಿರುವಾಗಲೇ ಬಳೆ ಒಡೆದರು, ಕುಂಕುಮ ಅಳಿಸಿದರು, ತಾಳಿ ತೆಗೆದರು.

ಆಮೇಲೆ ತಾತನ ಕಾಗದ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಅದೇ ಸಂಕಟ. ದಂಡಿನವರು ಊರು, ತಾರೀಖುಗಳ ಮೇಲೆಲ್ಲ ಮಸಿ ಬಳಿದು ಕಳಿಸುತ್ತಿದ್ದ ಕಾಲ. ಮೇಷ್ಟರು ಕಾಗದ ಬಿಡಿಸಿ "ನಾನು ಕ್ಷೇಮ" ಎಂದು ಓದಿದರು. ಕೂತವರೆಲ್ಲ ಇನ್ನೊಮ್ಮೆ ಅತ್ತರು. ಪಾಪ, ಸಾಯೋಕೆ ಮುಂಚೆ ಬರೆಸಿದ್ದು, ಈಗ ಬಂದು ಸೇರಿದೆ! ಸತ್ತವರ ಕಾಗದ ಮನೆಯಲ್ಲಿ ಇಡಬಾರದೆಂದು ಒಲೆಗೆ ಹಾಕಿದರು. ಒಮ್ಮೆ ಸಾವನ್ನು ಒಪ್ಪಿಕೊಂಡ ಮೇಲೆ ಬದುಕಿರುವುದಕ್ಕೆ ಸಿಗುವ ಸಾಕ್ಷಿಯೂ ಸಾವಿಗೇ ಸಾಕ್ಷಿಯಾಗುತ್ತದೆ. ಇಂಥ ತಪ್ಪನ್ನು ನಾನು ದೊಡ್ಡ ದೊಡ್ಡ ಆಫೀಸುಗಳಲ್ಲೂ ನೋಡಿದ್ದೇನೆ.

ಯುದ್ಧ ಮುಗಿದ ವರ್ಷ ದಾಟಿ ಒಂದು ಮಧ್ಯಾಹ್ನ ತಾತ ಊರೊಳಗೆ ನಡೆದು ಬಂದರು. ಖಾಕಿ ಕೋಟು, ಹೆಗಲಿಗೆ ಚೀಲ, ಮೊಣಕಾಲಿನ ಕೆಳಗಿನವರೆಗೂ ಪಟ್ಟಿ ಸುತ್ತಿದ ಬೂಟು. ಬಾವಿ ಹತ್ತಿರ ಇದ್ದ ಹೆಂಗಸರು ಕೊಡ ಬಿಟ್ಟು ಓಡಿದರು. ಗಂಡಸರೂ ಓಡಿದರು, ಆದರೆ ಕೆಲಸ ನೆನಪಾದವರ ಹಾಗೆ. ಓಡದೆ ನಿಂತವಳು ಮುತ್ತಜ್ಜಿ. ಬಾಗಿಲಿಗೆ ಅಡ್ಡ ನಿಂತು, "ಬೂಟು ಬಿಚ್ಚೋ!" ಎಂದಳು.

"ಅವ್ವಾ, ನಾನು ಕಣವ್ವ, ಮುನಿಯ."

"ಯಾರಾದ್ರೂ ಆಗಿರು. ಕಾಲು ತೋರ್ಸು ಮೊದ್ಲು."

ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬೂಟು ಇದ್ದರೆ ತಿಳಿಯುವುದು ಹೇಗೆ? ತಾತ ಜಗಲಿಯ ಮೇಲೆ ಕೂತು ಪಟ್ಟಿ ಬಿಚ್ಚತೊಡಗಿದರು. ಅದೋ ಬಿಚ್ಚಿದಷ್ಟೂ ಸುತ್ತು. ಓಡಿಹೋದವರು ಒಬ್ಬೊಬ್ಬರಾಗಿ ಗೋಡೆ ಮರೆಯಿಂದ ಇಣುಕಿದರು. "ಬೇಗ ಬಿಚ್ಚಪ್ಪ, ಎಮ್ಮೆ ಹಾಲು ಕರೀಬೇಕು" ಎಂದು ಯಾರೋ ಕೂಗಿದರಂತೆ. ಪಾದ ನೆಟ್ಟಗಿದ್ದವು. ಮುತ್ತಜ್ಜಿ ಆ ಪಾದಗಳನ್ನು ಹಿಡಿದುಕೊಂಡು ಕೂತುಬಿಟ್ಟಳು.

ಆದರೂ ಒಳಗೆ ಬಿಡಲಿಲ್ಲ. ಕರ್ಮ ಮುಗಿದವನು ಲೆಕ್ಕಕ್ಕೆ ಸತ್ತವನೇ. ಮತ್ತೆ ಹುಟ್ಟಬೇಕು, ಹೆಸರಿಡಿಸಿಕೊಳ್ಳಬೇಕು, ಹೆಂಡತಿಯನ್ನು ಮತ್ತೆ ಮದುವೆಯಾಗಬೇಕು ಎಂದರು ಜೋಯಿಸರು. ಅಲ್ಲಿಯವರೆಗೆ ತಾತನ ವಾಸ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ನಾಮಕರಣದ ದಿನ ಅಟ್ಟದಿಂದ ತೊಟ್ಟಿಲು ಇಳಿಸಿ ತೊಲೆಗೆ ಕಟ್ಟಿದರು. ತಾತ ಹತ್ತಿ ಮಲಗಿದರು. ಮೊಣಕಾಲಿನ ಕೆಳಗಿನದೆಲ್ಲ ಹೊರಗೆ. ಮುತ್ತೈದೆಯರು ಜೋಗುಳ ಹಾಡಿ ತೂಗಿದರು. ತಾತ ಅಟೆನ್ಷನ್‌ನಲ್ಲಿ ನಿಂತಂತೆ ಕೈ ಮೈಗೆ ಅಂಟಿಸಿಕೊಂಡು ತೊಲೆ ನೋಡುತ್ತಿದ್ದರು. ನಕ್ಕರೆ ಶಾಸ್ತ್ರ ಕೆಡುತ್ತದೆ ಎಂದು ಹೇಳಿಟ್ಟಿದ್ದರಿಂದ ಎಲ್ಲರೂ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಆಗ ನಮ್ಮಪ್ಪ ಅಳಲು ಶುರುಮಾಡಿದರು. "ಅದು ನನ್ ತೊಟ್ಲು! ಅವನ್ನ ಇಳಿಸಿ!" ಬುದ್ಧಿ ಬಂದಮೇಲೆ ತನ್ನ ಅಪ್ಪನನ್ನು ಅವರು ಮೊದಲು ಕಂಡದ್ದೇ ಹೀಗೆ, ಆಸ್ತಿಗೆ ಪಾಲುದಾರನ ರೂಪದಲ್ಲಿ.

ಈ ಸಂಭ್ರಮ ನಡೆಯುವಾಗ ಅಜ್ಜಿ ಹಿತ್ತಿಲಲ್ಲಿದ್ದಳು. ಶುಭಕಾರ್ಯಕ್ಕೆ ಎದುರು ಬರುವ ಹಾಗಿರಲಿಲ್ಲವಲ್ಲ.

ಮದುವೆಗೆ ದಿನ ಇಟ್ಟರು. ಹೊಸ ಬಳೆ ಬಂತು, ಸೀರೆ ಬಂತು. ಮುತ್ತಾತ ಹಿತ್ತಿಲಿಗೆ ಹೋಗಿ ಸೊಸೆಗೆ ವಿಷಯ ತಿಳಿಸಿದರು. ಆಕೆ ರಾಗಿ ಬೀಸುತ್ತಿದ್ದಳು. ಕಲ್ಲು ನಿಲ್ಲಿಸದೆ, "ನಾನೊಲ್ಲೆ" ಎಂದಳು.

"ಏನಮ್ಮಾ?"

"ಮದ್ವೆ ಅಂದ್ರೆ ಮದ್ವೆ ತಾನೆ ಮಾವ? ಹೆಣ್ಣನ್ನ ಕೇಳ್ಬೇಕು ತಾನೆ? ನಾನೊಲ್ಲೆ."

"ಗಂಡ ಬದುಕಿ ಬಂದವ್ನೆ ಕಣಮ್ಮಾ! ಯಾವ ಹೆಂಗ್ಸಿಗೆ ಸಿಗ್ತದೆ ಇಂಥ ಭಾಗ್ಯ?"

"ಬದುಕವ್ನೆ ಅಂತ ನಾನ್ ಅಂದಾಗ ನಂಗೆ ತಲೆ ಕೆಟ್ಟದೆ ಅಂದ್ರಿ. ನಿಮ್ಗೆ ಬೇಕಾದಾಗ ಒಡೀತೀರ, ಬೇಕಾದಾಗ ತೊಡಿಸ್ತೀರ. ಕೈ ಯಾರ್ದು?"

ಮನೆಯಲ್ಲಿ ಯುದ್ಧ ಶುರುವಾಯಿತು. ತವರಿನಿಂದ ಅಣ್ಣ ಬಂದು ಬೈದ. ಜೋಯಿಸರು ಬಂದು ಪುರಾಣ ಹೇಳಿದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಆಗಿ, ಆಮೇಲೆ ಹೆಂಗಸರಲ್ಲೇ ಎರಡು ಪಂಗಡವಾಯಿತು. "ಅವಳು ಕೇಳೋದ್ರಲ್ಲಿ ಏನ್ ತಪ್ಪು?" ಎಂದವಳು ಮುತ್ತಜ್ಜಿ ಎಂದರೆ ನೀವು ನಂಬಬೇಕು. ತಾತ ಮಾತ್ರ ತುಟಿ ಬಿಚ್ಚಲಿಲ್ಲ. ಯುದ್ಧದ ಕತೆ ಕೇಳಲು ಬಂದವರಿಗೂ ಅಷ್ಟೇ. "ಮಳೆ ಜಾಸ್ತಿ" ಎಂದು ಎದ್ದುಹೋಗುತ್ತಿದ್ದರು. ಊರಿಗೆ ಬೇಸರವಾಯಿತು. ಇಷ್ಟು ದೂರ ಹೋಗಿ ಬಂದವನು ಮಳೆ ಜಾಸ್ತಿ ಎಂದರೆ ಹೇಗೆ?

ಕೊನೆಗೊಂದು ಸಂಜೆ ತಾತ ಹಿತ್ತಿಲ ಬಾಗಿಲಲ್ಲಿ ಬಂದು ನಿಂತರು. "ಬಲವಂತ ಇಲ್ಲ. ನೀನ್ ಬೇಡ ಅಂದ್ರೆ ಬೇಡ" ಎಂದರು.

ಅಜ್ಜಿ ಅವರ ಕಡೆ ತಿರುಗಿದಳು. "ಒಂದ್ ಕೇಳ್ತೀನಿ, ಹೇಳು. ಲಾರಿ ಸುಟ್ಟಿದ್ದು ನಿಜ ತಾನೆ? ಅದ್ರಲ್ಲಿ ನೀನಿರ್ಲಿಲ್ಲ. ಯಾರಿದ್ರು?"

ತಾತ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯತೊಡಗಿದರು.

"ಇಷ್ಟ್ ದಿನ ದೀಪ ಹಚ್ಚಿದೀನಿ, ಅತ್ತಿದೀನಿ. ಯಾರಿಗೋಸ್ಕರ ಅತ್ತೆ ಅಂತ ನಂಗೆ ಗೊತ್ತಾಗ್ಬೇಕು."

ಆಗ ಹೇಳಿದರು. ಖಾದರ್ ಅಂತ, ಹೊಸಕೋಟೆಯವನು. ಇಬ್ಬರೂ ಒಂದೇ ಗುಡಾರದಲ್ಲಿದ್ದವರು. ಆ ದಿನ ತಾತನಿಗೆ ಚಳಿಜ್ವರ. 'ನೀನು ಮಲ್ಕೊ, ನಿನ್ನ ಗಂಟೆ ಗಾಡೀನ ನಾನು ಓಡಿಸ್ಕೊಂಡು ಬರ್ತೀನಿ' ಎಂದು ಖಾದರ್ ಹೊರಟ. ಮನೆಯಲ್ಲಿ ತಾಯಿ ಒಬ್ಬಳೇ. ಅವಳಿಗೆ ಗೊತ್ತಾಗಿದೆಯೋ ಇಲ್ಲವೋ ತಾತನಿಗೆ ತಿಳಿಯದು. ದಂಡಿನಿಂದ ಬಿಟ್ಟು ಬರುವಾಗ ಬೆಂಗಳೂರಲ್ಲಿ ಹೊಸಕೋಟೆ ಬಸ್ಸಿನ ಮುಂದೆ ತುಂಬಾ ಹೊತ್ತು ನಿಂತಿದ್ದರಂತೆ. ಆಮೇಲೆ ದೇವನಹಳ್ಳಿ ಬಸ್ಸು ಹತ್ತಿದರು.

"ನಾಳೆ ಹೋಗೋಣ" ಎಂದಳು ಅಜ್ಜಿ. "ಆ ಅಮ್ಮನ್ನ ನೋಡೋವರ್ಗೂ ಮದ್ವೆ ಮಾತು ಎತ್ಬೇಡ. ನೋಡಿದ್ಮೇಲೂ ಹೂಂ ಅಂತೀನಿ ಅಂತ ಅಲ್ಲ."

ಇದರಿಂದ ಹೊಸ ಗದ್ದಲ. ಮದುವೆಯಾಗದ ಗಂಡು ಹೆಣ್ಣು ಒಟ್ಟಿಗೆ ಬಸ್ಸಿನಲ್ಲಿ ಹೋಗುವುದು ಹೇಗೆ? ಅವರಿಬ್ಬರಿಗೆ ಒಂದು ಮಗುವಿರುವುದು ಯಾರ ಲೆಕ್ಕಕ್ಕೂ ಬರಲಿಲ್ಲ. ಕೊನೆಗೆ ಆ ಮಗುವನ್ನೇ ಕಾವಲಿಗೆ ಕಳಿಸಿದರು. ನಮ್ಮಪ್ಪ ನಡುವೆ ಕೂರಬೇಕು, ಏನಾದರೂ ಆಗಲಿ ಏಳಬಾರದು.

ಆಗಿನ ಬಸ್ಸುಗಳು ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಒಲೆ, ಅದಕ್ಕೆ ಇದ್ದಿಲು ಸುರಿದು ಗಾಳಿ ಹೊಡೆಯಬೇಕು. ಸೂಲಿಬೆಲೆ ಏರಿಗೆ ಬಂದಾಗ ಬಸ್ಸು ನಿಂತುಬಿಟ್ಟಿತು. ತಾತ ಇಳಿದು ಹೋದರು. ಬಸ್ಸಿನ ಡ್ರೈವರು, "ನಿಂಗೇನ್ ಗೊತ್ತಯ್ಯಾ?" ಎಂದ. "ಬರ್ಮಾ ದಾರೀಲಿ ಲಾರಿ ಓಡ್ಸಿದೀನಿ" ಎಂದರು ತಾತ. "ಅಲ್ಲಿ ಇದ್ದಿಲು ಇತ್ತಾ?" "ಇಲ್ಲ." "ಹಂಗಾದ್ರೆ ತಳ್ಳು." ತಾತ ತಳ್ಳಿದರು. ಕಿಟಕಿಯಿಂದ ನೋಡುತ್ತಿದ್ದ ಅಜ್ಜಿ, ಅವರು ಬಂದ ಮೇಲೆ ಮೊದಲ ಸಲ ನಕ್ಕಿದ್ದು ಆಗಲೇ. ನಕ್ಕಿದ್ದಳು ಎನ್ನುವುದು ತಾತನ ಹೇಳಿಕೆ. ಹೊಗೆಗೆ ಕೆಮ್ಮು ಬಂತು ಎನ್ನುವುದು ಅಜ್ಜಿಯದು. ಇದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಖಾದರ್ ತಾಯಿ ಬಾಗಿಲ ಮುಂದೆ ಕೂತು ಬೀಡಿ ಕಟ್ಟುತ್ತಿದ್ದಳು. ಖಾಕಿ ಕೋಟು ಕಂಡದ್ದೇ ತಡ, ಮೊರ ಪಕ್ಕಕ್ಕಿಟ್ಟು ಎದ್ದಳು. "ಖಾದರ್ ಕಳಿಸಿದ್ನಾ? ಆವೊ ಬೇಟಾ, ಆವೊ. ಬಾರಮ್ಮ, ಕುಂತ್ಕೊ."

ತಾತನ ಬಾಯಿ ಅಲ್ಲೇ ಕಟ್ಟಿಹೋಯಿತು. ಅಜ್ಜಿ ನೆಲದ ಮೇಲೆ ಕೂತಳು. ಮಡಿಲಲ್ಲಿದ್ದ ಗಂಟೆಯನ್ನು ತೆಗೆದು ಸದ್ದಾಗದ ಹಾಗೆ ನಾಲಗೆ ಹಿಡಿದು ಆಕೆಯ ಮುಂದಿಟ್ಟಳು.

"ಬೂಬಮ್ಮ, ಇದು ಸುಟ್ಟೋದ ಲಾರಿದು. ಲಾರಿ ಇವ್ರುದು. ಗಂಟೆ ನಮ್ ಮನೆಗೆ ಬಂತು, ಇವ್ರು ಹೋದ್ರು ಅಂತ ನಾವ್ ಅತ್ವಿ. ಅವತ್ತು ಓಡಿಸ್ತಿದ್ದಿದ್ದು ಇವ್ರಲ್ಲ."

ಆಕೆ ಕೂತಳು. ಅರ್ಧ ಕಟ್ಟಿದ ಬೀಡಿಯೊಂದು ಕೈಯಲ್ಲೇ ಇತ್ತು. ಅದಕ್ಕೆ ದಾರ ಸುತ್ತಿ, ಗಂಟು ಹಾಕಿ, ಮೊರದಲ್ಲಿಟ್ಟಳು. "ದಂಡಿನವ್ರು ಕಾಣೆ ಅಂತ ಬರೆದಿದ್ರಲ್ಲ" ಎಂದಳು. "ಕಾಣೆ ಆಗಿರೋನು ಸಿಗ್ತಾನಲ್ಲ?"

ಆಗ ತಾತನಿಗೆ ಮಾತು ಬಂತು. ಜ್ವರ, ಖಾದರ್ ಅಂದ ಮಾತು, ಮಾರನೇ ದಿನ ತಾವೇ ಎದ್ದು ಹೋಗಿ ನೋಡಿದ್ದು, ಎಲ್ಲ ಹೇಳಿದರು. ಏನು ನೋಡಿದರು ಎನ್ನುವುದನ್ನು ಅಜ್ಜಿ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಖಾದರ್ ತಾಯಿ ಕೇಳಿ ಮುಗಿಸಿ, "ನೀನು ಊರಿಗೆ ಬಂದು ಎಷ್ಟ್ ದಿನ ಆಯ್ತು?" ಎಂದಳು.

"ತಿಂಗಳಾಯ್ತು ಅಮ್ಮಾ."

"ಹೊಸಕೋಟೆ ಅಷ್ಟು ದೂರಾನಾ?"

ತಾತ ತಲೆ ತಗ್ಗಿಸಿದರು. ಆಕೆ ಅವರ ಕಡೆ ಮತ್ತೆ ನೋಡಲಿಲ್ಲ. ಅಜ್ಜಿಯ ಕಡೆ ತಿರುಗಿ, ಬೋಳು ಹಣೆ ನೋಡಿ, ಬರಿಗೈ ನೋಡಿ, ಕೇಳಿದಳು: "ನೀನ್ ಯಾರಮ್ಮ? ಇವ್ನು ನಿಂಗೇನಾಗ್ಬೇಕು?"

ಒಂದು ತಿಂಗಳಿಂದ ಎಲ್ಲರೂ ಅಜ್ಜಿಗೆ ಇವನು ನಿನಗೆ ಏನಾಗಬೇಕೆಂದು ಹೇಳಿಕೊಡುತ್ತಿದ್ದರು. ಕೇಳಿದವರು ಇದೇ ಮೊದಲು. ಅಜ್ಜಿ ತಾತನ ಕಡೆ ನೋಡಿದಳಂತೆ. ಅವರು ಆಕೆಯ ಉತ್ತರಕ್ಕೆ ಕಾಯುತ್ತಿರಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಗೊತ್ತಾಗದೆ ಕೂತಿದ್ದರು. ಇಷ್ಟು ದಿನ ಈ ಮನುಷ್ಯ ಬದುಕಿ ಬಂದದ್ದಕ್ಕೆ ಊರೆಲ್ಲ ಖುಷಿಪಟ್ಟಿತ್ತಲ್ಲ, ಇವನೊಬ್ಬ ಮಾತ್ರ ಪಟ್ಟಿರಲಿಲ್ಲ ಎಂದು ಆಗ ಆಕೆಗೆ ಗೊತ್ತಾಯಿತು.

"ನನ್ ಗಂಡ" ಎಂದಳು.

"ಮತ್ತೆ ಈ ಕೈ?"

"ನಾನು ಕಾಯಿರಿ ಅಂದೆ ಬೂಬಮ್ಮ. ಯಾರೂ ಕಾಯ್ಲಿಲ್ಲ."

ಆಕೆ ಅಜ್ಜಿಯ ಮಣಿಕಟ್ಟನ್ನು ಹಿಡಿದುಕೊಂಡಳು. "ನಂಗೆ ಎಲ್ರೂ ಸಾಕು, ಹೋದೋನ ಹೆಸ್ರಲ್ಲಿ ಫಾತಿಹಾ ಓದ್ಸು ಅಂದ್ರು. ನಕ್ಕೋ, ಬೇಡ ಅಂದೆ. ನಾನ್ ಕಾದೆ" ಎಂದಳು. ಆಮೇಲೆ ಇಬ್ಬರೂ ಅತ್ತರು.

ನಮ್ಮಪ್ಪ ಹೇಳಿದಂತೆ ನಡುವೆಯೇ ಕೂತಿದ್ದರು. ಆ ದಿನದ್ದೆಂದು ಅವರಿಗೆ ನೆನಪಿದ್ದದ್ದು ಬಸ್ಸಿನ ಹೊಗೆ, ಮತ್ತೆ ಹೊರಡುವಾಗ ಆ ಅಮ್ಮ ಕೈಗೆ ಕೊಟ್ಟ ಬೆಲ್ಲ.

ಊರಿಗೆ ಬಂದು ಅಜ್ಜಿ ಮಾವನಿಗೆ, ಹೊಸಕೋಟೆಯಲ್ಲಿ ಫಾತಿಹಾ ಆಗಲಿ, ಆಮೇಲೆ ಮದುವೆ ಎಂದಳು. ದಿನ ಮುಂದಕ್ಕೆ ಹೋಯಿತು. ಜೋಯಿಸರು ಗೊಣಗಿದರು. ಮುತ್ತಾತ, "ಹೂಂ ಅಂದ್ಳಲ್ಲ, ಸುಮ್ಕಿರಿ ಸ್ವಾಮಿ" ಎಂದರಂತೆ. ಫಾತಿಹಾದ ದಿನ ತಾತ ಅಕ್ಕಿ ಹೊತ್ತುಕೊಂಡು ಹೋಗಿ ಹೊಸಕೋಟೆಯ ಆ ಬಾಗಿಲ ಹೊರಗೇ ನಿಂತಿದ್ದರು. ಅಡುಗೆ ಅರ್ಧ ಆದಮೇಲೆ ಆಕೆ ಹೊರಗೆ ಬಂದು, "ಬಿಸ್ಲಲ್ಲಿ ಯಾಕ್ ನಿಂತಿದೀಯ, ಒಳಗೆ ಬಾ" ಎಂದಳು. ಅದಾದಮೇಲೆ ಆಕೆ ಇರುವವರೆಗೂ ತಿಂಗಳಿಗೊಂದು ಸಲ ತಾತ ಹೊಸಕೋಟೆಗೆ ಹೋಗುವುದು ತಪ್ಪಲಿಲ್ಲ.

ಮದುವೆ ನಮ್ಮ ಮನೆಯ ಅಂಗಳದಲ್ಲೇ ಆಯಿತು. ಅಜ್ಜಿ ಬಳೆಗಾರನನ್ನು ಕರೆಸಿ, ಬಳೆಯ ಬಣ್ಣವನ್ನು ತಾನೇ ಆರಿಸಿ, ತಾನೇ ತೊಟ್ಟುಕೊಂಡಳು. ತೊಡಿಸಲು ಬಂದವರನ್ನು ಹತ್ತಿರ ಬಿಡಲಿಲ್ಲ.

ಮಿಡ್ಲ್ ಸ್ಕೂಲಿನಲ್ಲಿ ನನಗೊಮ್ಮೆ ಮೇಷ್ಟರು, ಎರಡನೇ ಮಹಾಯುದ್ಧ ಯಾವಾಗ ಮುಗಿಯಿತು, ಬರೆದುಕೊಂಡು ಬಾ ಎಂದಿದ್ದರು. ಪುಸ್ತಕ ತೆಗೆಯುವ ಸೋಮಾರಿತನಕ್ಕೆ ತಾತನನ್ನು ಕೇಳಿದೆ. ಯುದ್ಧಕ್ಕೇ ಹೋಗಿ ಬಂದವರು, ಗೊತ್ತಿರಲೇಬೇಕು. ತಾತ ಬಹಳ ಹೊತ್ತು ಯೋಚಿಸಿದರು. ಆಮೇಲೆ ಪಡಸಾಲೆಯಲ್ಲಿ ಕೂತಿದ್ದ ಅಜ್ಜಿಯನ್ನು ಕೂಗಿದರು.

"ಏ ಇವಳೇ, ನಾವು ಹೊಸಕೋಟೆಗೆ ಹೋಗಿದ್ದು ಯಾವಾಗ?"

ಅಜ್ಜಿ ತಲೆ ಎತ್ತದೆ, "ಅವರೆಕಾಯಿ ಕಾಲ" ಎಂದಳು.

"ಅವರೆಕಾಯಿ ಕಾಲ ಅಂತ ಬರ್ಕೊ" ಎಂದರು ತಾತ.